ತುಂಗೆಯ ದಡಕ್ಕೆ ಬಾವಿಯ ನೀರು

ಸಾಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಯೋಗರಾಜ್‌ಗೆ ಊರಿನ ಅರ್ಧಕ್ಕರ್ಧ ಬಾವಿಗಳ ಒಳಗುಟ್ಟು ಗೊತ್ತು. ಕೆಟ್ಟು ನಿಂತ ಎಂಥ ಪಂಪನ್ನೂ ಅವನು ಗದರಿಸಿ ಹೊರಡಿಸಬಲ್ಲ. ಹೊರಡಿಸಲಾಗದೆ ಸೋತದ್ದು ಹೆಂಡತಿ ಶ್ಯಾಮಲಾಳ ಮುಂದೆ ಮಾತ್ರ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತ ಬಂದಿತ್ತು. ಇಷ್ಟು ವರ್ಷಗಳಲ್ಲಿ ಆಕೆ ಪರಊರಿನಲ್ಲಿ ರಾತ್ರಿ ಉಳಿದದ್ದು ನೆಂಟರ ಮದುವೆಗಳಿಗೆ ಹೋದಾಗ, ಅದೂ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್. (ಒಂದು ಮದುವೆಯಲ್ಲಂತೂ ಧಾರೆಗೆ ಮೊದಲೇ ಹೊರಟಿದ್ದಳು.)

ಕಾರಣ ನೀರು.

"ಆ ಊರಿನ ನೀರಲ್ಲಿ ಬೇಳೆ ಬೇಯಲ್ಲ, ಈ ಊರಿನ ನೀರಲ್ಲಿ ಕೂದ್ಲು ಉದುರ್ತದೆ. ನನಗೆ ನಮ್ಮ ಬಾವಿ ನೀರೇ ಆಗ್ಬೇಕು" ಎನ್ನುವುದು ಅವಳ ಸಿದ್ಧಾಂತ. ಹಿತ್ತಿಲ ಬಾವಿಯ ನೀರಲ್ಲಿ ಮಾಡಿದ್ದು ಕಾಫಿ, ಲೋಕದ ಉಳಿದ ಕಾಫಿಯೆಲ್ಲ ಕಷಾಯ.

ಒಂದು ದಿನ ಅಂಗಡಿಯಲ್ಲಿ ಕೂತಿದ್ದಾಗ ಯೋಗರಾಜ್‌ಗೆ ಜ್ಞಾನೋದಯವಾಯಿತು. ಬಾವಿ ಬರಲಾರದು, ಸರಿ. ನೀರು ಬರಬಹುದಲ್ಲ!

ಆವತ್ತೇ ಯಾರದ್ದೋ ಗದ್ದೆಯಂಚಿನಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೇ ಟ್ರೇಲರ್ ಒಂದನ್ನು ಎಳೆದು ತಂದ. ಅದರ ಮೇಲೆ ತಗಡಿನ ಗೋಡೆ ಎದ್ದಿತು, ಕಿಟಕಿ ಬಂತು, ಒಳಗೆ ಮಂಚ, ಮೂಲೆಯಲ್ಲಿ ಗ್ಯಾಸ್ ಒಲೆ, ಮಂಚದಡಿಯಲ್ಲಿ ಉದ್ದಕ್ಕೆ ಮಲಗಿದ ದೊಡ್ಡ ನೀರಿನ ಟ್ಯಾಂಕು. ಟ್ಯಾಂಕಿನೊಳಗೆ ತೇಲುವ ಬುರುಡೆ, ಅದರಿಂದ ಟ್ರೇಲರ್ ಎಳೆಯುವ ತನ್ನ ಜೀಪಿನವರೆಗೆ ವೈರು, ಸ್ಟೇರಿಂಗಿನ ಪಕ್ಕ ಎರಡು ದೀಪ. ನೀರಿದ್ದರೆ ಹಸಿರು, ಖಾಲಿಯಾದರೆ ಕೆಂಪು. ಕೆಲಸ ಮುಗಿದ ಸಂಜೆ ಅವನೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಇದನ್ನು ಮಾಡಿದ್ದು ತಾನೇ ಹೌದೋ ಅಲ್ಲವೋ ಎನ್ನುವ ಬೆರಗಿನಲ್ಲಿ ನಿಂತ. ಅದಕ್ಕೆ 'ಗೃಹರಥ' ಎಂದು ಹೆಸರಿಟ್ಟ. ಶ್ಯಾಮಲಾ 'ಡಬ್ಬ' ಎಂದಳು.

ಪರೀಕ್ಷೆಗೆಂದು ಟ್ಯಾಂಕನ್ನು ಅರ್ಧ ತುಂಬಿಸಿ ಇಕ್ಕೇರಿಯವರೆಗೆ ಹೋಗಿಬಂದ. ಮೊದಲ ತಿರುವಿನಲ್ಲೇ ಹಿಂದಿನಿಂದ ಯಾರೋ ಆನೆ ತಂದು ದೂಡಿದ ಹಾಗಾಯಿತು. ಜೀಪು ಎಡಕ್ಕೆಂದರೆ ನೀರು ಬಲಕ್ಕೆ. ಬ್ರೇಕ್ ಒತ್ತಿದರೆ ಟ್ಯಾಂಕಿನೊಳಗೆ 'ಗುಳುಂ' ಎಂದು ಅಲೆಯೆದ್ದು ಇಡೀ ವಾಹನವನ್ನೇ ಮುಂದಕ್ಕೆ ನೂಕುತ್ತಿತ್ತು. ಬಾವಿಯಲ್ಲಿ ಆಕಾಶ ನೋಡುತ್ತ ಸಾಧುವಾಗಿ ಕೂತಿದ್ದ ನೀರಿನೊಳಗೆ ಇಂಥದ್ದೊಂದು ಪ್ರಾಣಿ ಇದೆಯೆಂದು, ಜೀವಮಾನವೆಲ್ಲ ನೀರೆತ್ತಿದ ಯೋಗರಾಜ್‌ಗೆ ಗೊತ್ತೇ ಇರಲಿಲ್ಲ. ಬೆವರುತ್ತ ಮನೆಗೆ ಬಂದು ಹೇಳಿದ: "ಕಂಠಮಟ್ಟ ತುಂಬಿಸ್ಬೇಕು ಶ್ಯಾಮಲಾ. ತುಂಬಿದ್ರೆ ಅಲ್ಲಾಡೋಕೆ ಜಾಗ ಇರಲ್ಲ."

"ತುಂಬಿದ ಕೊಡ ತುಳುಕಲ್ಲ ಅಂತ ಒಂದನೇ ಕ್ಲಾಸಲ್ಲಿ ಹೇಳ್ಕೊಟ್ಟಿದ್ರಲ್ಲ. ಅದನ್ನ ಕಲಿಯೋಕೆ ಇಷ್ಟೆಲ್ಲ ತಗಡು ಬೇಕಿತ್ತಾ?"

ಆದರೂ ಆಕೆ ಒಪ್ಪಿದಳು. ತೀರ್ಥಹಳ್ಳಿಗೆ ಹೋಗುವುದು, ತುಂಗೆಯ ದಡದಲ್ಲಿ ಗೃಹರಥ ನಿಲ್ಲಿಸಿ ಎರಡು ದಿನ ಇರುವುದು. ಷರತ್ತು ಒಂದೇ. ಬಾವಿ ನೀರು ಮುಗಿದ ಗಳಿಗೆಯಲ್ಲಿ ಅವಳು ಬಸ್ ಹತ್ತುತ್ತಾಳೆ, ಡಬ್ಬ ಗುಜರಿಗೆ ಹೋಗುತ್ತದೆ. ಯೋಗರಾಜ್ ಎದೆ ತಟ್ಟಿ ಒಪ್ಪಿಕೊಂಡ.

ಹೊರಡುವಾಗ ಪಕ್ಕದ ಮನೆಯ ವರದಮ್ಮ ಬೇಲಿಯ ಮೇಲಿಂದ ಇಣುಕಿದರು. "ಗಂಗಾಸ್ನಾನ, ತುಂಗಾಪಾನ ಅಂತಾರೆ. ನೀವು ತುಂಗೆಗೇ ನೀರು ಹೊತ್ಕೊಂಡು ಹೋಗ್ತೀರಾ?"

"ತುಂಗೆಗೆ ಹೇಳ್ಬೇಡಿ ವರದಮ್ಮ, ಬೇಜಾರ್ ಮಾಡ್ಕೊಂಡಾಳು" ಎಂದು ಶ್ಯಾಮಲಾ ಜೀಪು ಹತ್ತಿದಳು. ಎರಡು ಬಾಟಲಿ ನೀರನ್ನು ಕೈಯಲ್ಲಿ ಹಿಡಿದಿದ್ದಳು. ಯೋಗರಾಜ್ ಅದನ್ನು ಇಸಿದುಕೊಂಡು ಕಟ್ಟೆಯ ಮೇಲಿಟ್ಟ. "ಕೆರೆಯನ್ನೇ ಎಳ್ಕೊಂಡು ಹೋಗೋರಿಗೆ ಬಾಟ್ಲಿ ಯಾಕೆ?"

ಹೊಸನಗರದವರೆಗೆ ಪಯಣ ರಾಜಯೋಗ್ಯವಾಗಿಯೇ ಇತ್ತು. ಅಲ್ಲಿಂದ ಮುಂದೆ ಯೋಗರಾಜ್ ಒಳದಾರಿ ಹಿಡಿದ. (ಗಂಡಸರಿಗೆ ಒಳದಾರಿ ಕಂಡರೆ ತಡೆಯಲಾಗುವುದಿಲ್ಲ.) ಮನೆಮನೆಗೆ ನಲ್ಲಿ ಕೊಡಲೆಂದು ಆ ರಸ್ತೆಯನ್ನು ಉದ್ದಕ್ಕೂ ಅಗೆದಿದ್ದರು. ಪೈಪು ಬಂದಿರಲಿಲ್ಲ, ರಸ್ತೆ ಹೋಗಿತ್ತು. ಏಪ್ರಿಲ್ ಬಿಸಿಲಿಗೆ ಕೆಂಪು ಧೂಳು ಮೊಣಕಾಲೆತ್ತರ. ಕಿಟಕಿ ಗಾಜು ಏರಿಸಿಕೊಂಡು, ಗುಂಡಿಯಿಂದ ಗುಂಡಿಗೆ ನಮಸ್ಕಾರ ಮಾಡುತ್ತ ಜೀಪು ಸಾಗಿತು. ಒಂದು ಕಡೆ ಕೆಳಗೆ 'ಠಣ್' ಎಂದಿತು.

"ಎಂತ ಅದು?"

"ಕಲ್ಲು."

"ಯಾವುದಕ್ಕೆ ತಾಗ್ತು?"

"ಹಸಿರು ದೀಪ ಉರೀತಿದೆಯಲ್ಲ ಮಾರಾಯ್ತಿ, ಯಾವುದಕ್ಕೆ ತಾಗಿದ್ರೆ ನಮಗೇನು?"

ಹಸಿರು ದೀಪ ನಿಜಕ್ಕೂ ಉರಿಯುತ್ತಿತ್ತು. ಗುಬ್ಬಿಗದ್ದೆ ಎಂಬ ಹಳ್ಳಿಯನ್ನು ದಾಟುವಾಗಲೂ ಉರಿಯುತ್ತಿತ್ತು. ಸುಡುಮಧ್ಯಾಹ್ನ. ರಸ್ತೆಯಿಂದ ಆಚೆ ಅಂಗಳಗಳ ತುದಿಯಲ್ಲಿ ಮನೆಗಳು, ಒಳಗೆ ಉಂಡು ಮಲಗಿದ ಜನ. ಊರು ದಾಟಿ ಗುಡ್ಡದ ನೆತ್ತಿಯಲ್ಲಿ ನೇರಳೆ ಮರದಡಿ ಜೀಪು ನಿಂತಿತು. ಇಬ್ಬರೂ ಚಾಪೆ ಹಾಸಿ ಒಂದು ನಿದ್ದೆ ತೆಗೆದು, ಆಮೇಲೆ ಬುತ್ತಿ ಬಿಚ್ಚಿದರು. ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಕೆಳಗೆ ಕಣಿವೆ, ಮೇಲೆ ಗಾಳಿ. ಶ್ಯಾಮಲಾ ಕಾಲು ಚಾಚಿ ಕೂತು, "ಚೆನ್ನಾಗಿದೆ ರೀ" ಎಂದಳು. ಇಪ್ಪತ್ತೈದು ವರ್ಷಗಳಲ್ಲಿ ಅವನ ಪಾಲಿಗೆ ಬಂದ ಮೊದಲ ಪ್ರಶಸ್ತಿಪತ್ರ! ಬೀಗುತ್ತ ಎದ್ದು, ಕೈ ತೊಳೆಯಲು ನಲ್ಲಿ ತಿರುಗಿಸಿದ.

'ಸುಂಯ್' ಎಂದಿತು. ಬಂದದ್ದು ಗಾಳಿ.

ಬಗ್ಗಿ ನೋಡಿದ. ಟ್ಯಾಂಕನ್ನು ಖಾಲಿ ಮಾಡಲೆಂದು ತಳದಲ್ಲಿಟ್ಟಿದ್ದ ಇನ್ನೊಂದು ನಲ್ಲಿಯ ಜಾಗದಲ್ಲಿ ಒಂದು ತೂತಿತ್ತು. ಕೊನೆಯ ಹನಿಯೊಂದು ಯೋಚಿಸಿ ಯೋಚಿಸಿ ಕೆಳಗೆ ಬಿತ್ತು. ಜೀಪಿನೊಳಗೆ ಹಸಿರು ದೀಪ ಉರಿಯುತ್ತಲೇ ಇತ್ತು. ಕುಲುಕಾಟಕ್ಕೆ ಬುರುಡೆ ಮೇಲೆಯೇ ಸಿಕ್ಕಿಹಾಕಿಕೊಂಡು, ನೀರಿಲ್ಲದಿದ್ದರೂ ತೇಲುತ್ತಿತ್ತು.

ಶ್ಯಾಮಲಾ ಬೈಯಲಿಲ್ಲ. ಅದೇ ಭಯಂಕರ.

"ತಿರುಗ್ಸಿ" ಎಂದಳು. "ಕೆಳಗೆ ಊರಲ್ಲಿ ಕೈ ತೊಳ್ದು, ನಾನು ಬಸ್ಸು ಹಿಡೀತೀನಿ."

"ಕೈ ಒರೆಸ್ಕೊಂಡ್ರೆ..."

"ಒರೆಸಿದ್ರೆ ಎಂಜಲು ಹೋಗ್ತದಾ? ಆ ಕೈಯಲ್ಲಿ ಏನೂ ಮುಟ್ಟಬೇಡಿ!"

ಹಾಗಾಗಿ ಯೋಗರಾಜ್ ಮೊಸರನ್ನದ ಬಲಗೈಯನ್ನು ಕಿಟಕಿಯಿಂದ ಹೊರಗೆ ಎತ್ತಿ ಹಿಡಿದು, ಎಡಗೈಯೊಂದರಲ್ಲೇ ಸ್ಟೇರಿಂಗ್ ಹಿಡಿದ. ಗೇರು ಬದಲಿಸಲು ಮೂರನೆಯ ಕೈ ಇಲ್ಲದ್ದರಿಂದ ಮೊದಲ ಗೇರಿನಲ್ಲೇ, ಬಾಸಿಂಗ ಕಟ್ಟಿದ ಎತ್ತಿನ ನಡಿಗೆಯಲ್ಲಿ ಗುಡ್ಡ ಇಳಿದ.

ತಿರುವು ಕಳೆದು ಊರು ಕಾಣಿಸಿದ್ದೇ ಅವನ ಕಾಲು ಬ್ರೇಕಿನ ಮೇಲೆ ಬಿತ್ತು.

ಆ ಕೆಂಪು ಧೂಳಿನ ರಸ್ತೆ ಇರಲೇ ಇಲ್ಲ. ಅದರ ಜಾಗದಲ್ಲಿ, ಊರಿನ ಈ ತುದಿಯಿಂದ ಆ ತುದಿಯವರೆಗೆ, ಸಗಣಿ ಸಾರಿಸಿದ ಅಂಗಳದಂಥ ತಣ್ಣನೆಯ ಕಪ್ಪು ಹಾದಿ. ಹಾದಿಯ ಮೇಲೆ ಉದ್ದಕ್ಕೂ ರಂಗೋಲಿ. ಬಳ್ಳಿ, ತಾವರೆ, ಶಂಖ, ಚಕ್ರ. ಒಂದು ಮನೆಯ ಎಳೆ ಮುಗಿಯುವಲ್ಲಿ ಮುಂದಿನ ಮನೆಯದ್ದು ಶುರು. ಇಬ್ಬದಿಯ ಬೇಲಿಗೆ ಮಾವಿನ ತೋರಣ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಊರಿಗೆಲ್ಲ ತುಂಬಿತ್ತು. ದಡದಡ ಎಂದು ಬಂದ ದಾರಿಯಲ್ಲಿ ತನ್ನ ಬೆನ್ನ ಹಿಂದೆ, ತನಗೇ ತಿಳಿಯದೆ ಇಂಥದ್ದು ಅರಳಿತ್ತು! ದೀಪ ಮೋಸ ಮಾಡಿದ್ದು, ನಲ್ಲಿ ಮುರಿದದ್ದು ಎಲ್ಲ ಮರೆತು ಯೋಗರಾಜ್ ಬಾಯಿ ತೆರೆದು ಕೂತ. ಪಕ್ಕದಲ್ಲಿ ಶ್ಯಾಮಲಾ ಮೆಲ್ಲಗೆ, "ಅಯ್ಯೋ, ಚಕ್ರ ತುಳೀಬೇಡಿ" ಎಂದಳು.

ಅಷ್ಟರಲ್ಲಿ ಜಾಗಟೆ ಕೇಳಿಸಿತು. ಜನ ಕೈ ಮುಗಿದು ಎರಡೂ ಬದಿಗೆ ಸಾಲುಗಟ್ಟಿದ್ದರು. ಜೀಪಿನ ಕಿಟಕಿಯಿಂದ ಹೊರಬಂದು ಅಲ್ಲಾಡದೆ ಹರಸುತ್ತಿದ್ದ ಬೆಳ್ಳನೆಯ ಹಸ್ತವನ್ನು ಕಂಡು ಒಬ್ಬೊಬ್ಬರಾಗಿ ತಲೆಬಾಗಿದರು. ಮುದುಕಿಯೊಬ್ಬಳು ತಾಮ್ರದ ಚೊಂಬು ಹಿಡಿದು ಜೀಪಿನ ಬಾಗಿಲಿಗೇ ಬಂದಳು. ಅವಳು ಮಾಸ್ತಮ್ಮ. ಚೊಂಬಿನಲ್ಲಿದ್ದದ್ದು ಪಾದ ತೊಳೆಯುವ ನೀರು. ಯೋಗರಾಜ್ ಹಿಂದೆಮುಂದೆ ನೋಡದೆ ಅದಕ್ಕೆ ಎಂಜಲು ಕೈ ಒಡ್ಡಿದ.

ಉಪ್ಪಿನಕಾಯಿಯ ಹೋಳೊಂದು ಮಾಸ್ತಮ್ಮನ ಕಾಲಿನ ಮೇಲೆ ಬಿತ್ತು. ಆಕೆ ಅದನ್ನು ನೋಡಿದಳು, ಅವನನ್ನು ನೋಡಿದಳು. "ಇವ್ರು ಗುರುಗಳಲ್ಲ ಮಾರಾಯ್ರೆ! ಉಂಡು ಬಂದವ್ರು!"

ಊರ ಹಿರಿಯ ಹೂವಪ್ಪ ಮುಂದೆ ಬಂದ. "ಹಾಗಾದ್ರೆ ಗುರುಗಳು ಹಿಂದಿನ ಡಬ್ಬದಲ್ಲಿದ್ದಾರಾ?" ಎಂದು ಭಕ್ತಿಯಿಂದ ಗೃಹರಥದ ಬಾಗಿಲು ತೆರೆದ. ಒಳಗಿನ ಹಗ್ಗದ ಮೇಲೆ ಯೋಗರಾಜ್‌ನ ಪಟ್ಟಾಪಟ್ಟಿ ಚಡ್ಡಿ ನಿರ್ಲಿಪ್ತವಾಗಿ ತೂಗುತ್ತಿತ್ತು.

ಆಮೇಲೆ ವಿಷಯ ತಿಳಿಯಿತು. ಮಠದ ಗುರುಗಳು ಆ ವಾರ ಊರಿಗೆ ಬರುವವರಿದ್ದರು. ಯಾವ ದಿನವೆಂದು ಫೋನ್ ಬರಬೇಕಿತ್ತು, ಆದರೆ ಗುಬ್ಬಿಗದ್ದೆಯಲ್ಲಿ ಸಿಗ್ನಲ್ ಸಿಗುವುದು ತೆಂಗಿನ ಮರ ಹತ್ತಿದವರಿಗೆ ಮಾತ್ರ. ಮಧ್ಯಾಹ್ನ ಎದ್ದು ನೋಡಿದರೆ ರಸ್ತೆಗೆ ಯಾರೋ ನೀರು ಹೊಡೆದಿದ್ದಾರೆ! ಗುರುಗಳ ಕಡೆಯವರೇ ಧೂಳು ಏಳದ ಹಾಗೆ ನೀರು ಹೊಡೆಸಿದ್ದಾರೆ, ಸವಾರಿ ಹಿಂದೆಯೇ ಬರುತ್ತಿದೆ ಎಂದು ಎಲ್ಲರೂ ರಂಗೋಲಿ ಹಿಟ್ಟು ಹಿಡಿದು ಓಡಿಬಂದಿದ್ದರು.

ಯೋಗರಾಜ್ ತೂತು ತೋರಿಸಿ ತಪ್ಪಾಯಿತೆಂದ. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದ. ಬಿದ್ದದ್ದು ನಗೆ. ಮೊದಲು ಮಾಸ್ತಮ್ಮ, ಆಮೇಲೆ ಇಡೀ ಊರು.

"ಆಗ್ಲಿ ಬಿಡಿ. ಬಿಸಿಲಲ್ಲಿ ಬಂದಿದೀರಿ, ಆಸರಿಗೆ ಕುಡೀರಿ" ಎಂದು ಹೂವಪ್ಪ ಕರೆದ. ಮಾಸ್ತಮ್ಮ ಕಾಫಿ ತಂದಳು. ಶ್ಯಾಮಲಾ ಯಾವ ಬಾವಿ ಎಂದು ಕೇಳಲಿಲ್ಲ. ಮೂಸಿ ನೋಡಲಿಲ್ಲ. ರಂಗೋಲಿಯ ತಾವರೆಯಿಂದ ಕಣ್ಣು ಕೀಳದೆ ಗಟಗಟನೆ ಕುಡಿದು, "ಇನ್ನೊಂಚೂರು ಇದೆಯಾ?" ಎಂದಳು! ಆನೆಯಂತೆ ನೂಕಿದ ನೀರಿಗೂ, ಅರಳಿದ ಹಾದಿಗೂ ಬೆರಗಾಗಿದ್ದ ಯೋಗರಾಜ್ ಈಗ ಹೆಂಡತಿಯ ಲೋಟವನ್ನು ನೋಡುತ್ತ ಕಲ್ಲಾದ.

"ಗುರುಗಳು ಬರೋ ಹೊತ್ತಿಗೆ ಇದೆಲ್ಲ ಮತ್ತೆ ಧೂಳಾಗ್ತದೆ" ಎಂದು ಹೂವಪ್ಪ ತಲೆ ಕೆರೆದ. "ಬಾವಿಗಳೆಲ್ಲ ತಳ ಕಂಡಿದಾವೆ. ಹೊಳೆಯಲ್ಲಿ ನೀರುಂಟು, ಹೊತ್ತು ತರೋದು ಯಾರು?"

"ಅದಕ್ಕೇನಂತೆ?" ಎಂದಳು ಶ್ಯಾಮಲಾ, ಗಂಡನತ್ತ ನೋಡದೆ. "ಇವ್ರು ತಂದ್ಹಾಕ್ತಾರೆ."

ಹೂವಪ್ಪ ತೂತಿಗೊಂದು ಮರದ ಬೆಣೆ ಕೆತ್ತಿ ಜಡಿದ. ಅಂದಿನಿಂದ ಯೋಗರಾಜ್ ಹೊಳೆಗೂ ಊರಿಗೂ ಜೀಪು ಓಡಿಸಿದ. ತುಂಬಿಸುವುದು, ತರುವುದು, ಬೆಣೆ ಸಡಿಲಿಸುವುದು, ಆಮೆಯ ಹಾಗೆ ಸಾಗುವುದು. ಉಳಿದ ನೀರು ಮನೆಗಳ ಹಂಡೆಗೆ. ಗೃಹರಥದ ಮಂಚದ ಮೇಲೆ ಊರ ಹೆಂಗಸರು ಸರದಿಯಲ್ಲಿ ಕೂತು ನೋಡಿದರು. ರಾತ್ರಿ ಅಲ್ಲಿ ಶ್ಯಾಮಲಾ, ಮಾಸ್ತಮ್ಮ ಮಲಗಿದರು. ಯೋಗರಾಜ್‌ಗೆ ಜೀಪಿನ ಹಿಂದಿನ ಸೀಟು.

ಗುರುಗಳು ಬಂದರು. ಜೀಪೊಂದರಲ್ಲಿ, ಹೆಚ್ಚು ಗದ್ದಲವಿಲ್ಲದೆ. ಬಿರುಬೇಸಿಗೆಯಲ್ಲಿ ಒದ್ದೆ ನೆಲ, ಅದರ ಮೇಲಿನ ತಾವರೆಗಳನ್ನು ಕಂಡು ಅವರೂ ಇಳಿದು, ರಂಗೋಲಿ ಅಳಿಯದ ಹಾಗೆ ಬದಿಯಲ್ಲಿ ಬರಿಗಾಲಲ್ಲಿ ನಡೆದರು. "ನೀರಿನ ವ್ಯವಸ್ಥೆ ಯಾರದ್ದು?" ಎಂದು ಕೇಳಿದರು. ಊರಿಗೆ ಊರೇ ಶ್ಯಾಮಲಾಳನ್ನು ತೋರಿಸಿತು. ಅವಳಿಗೆ ಶಾಲು, ಹಣ್ಣು. ಯೋಗರಾಜ್ ಆಗ ಟ್ಯಾಂಕಿನಡಿ ಅಂಗಾತ ಮಲಗಿ ಬೆಣೆ ಒತ್ತಿ ಹಿಡಿದಿದ್ದ.

ಮಾರನೆಯ ದಿನ ಅವನು ಹುರುಪಿನಿಂದ ಜೀಪು ಒರೆಸಿದ. "ಹತ್ತು ಶ್ಯಾಮಲಾ. ಸಂಜೆಯೊಳಗೆ ತೀರ್ಥಹಳ್ಳಿ."

ಶ್ಯಾಮಲಾ ಜಗಲಿಯಲ್ಲಿ ಹೆಂಗಸರ ನಡುವೆ ಕೂತು ನಗುನಗುತ್ತ ಹಲಸಿನ ಹಪ್ಪಳ ಒತ್ತುತ್ತಿದ್ದಳು. ತಲೆಯೆತ್ತಲೂ ಇಲ್ಲ. "ಅದೆಲ್ಲಿಗೆ ಓಡಿ ಹೋಗ್ತದೆ? ಹಪ್ಪಳ ಒಣಗ್ಲಿ. ನೀವು ಇನ್ನೊಂದು ಟ್ಯಾಂಕ್ ತಂದ್ಬಿಡಿ."

ಯೋಗರಾಜ್ ಅವಳನ್ನು ಒಂದು ಗಳಿಗೆ ನೋಡಿದ. ಇಷ್ಟು ನಗುವವಳು ಇಷ್ಟು ವರ್ಷ ಎಲ್ಲಿದ್ದಳು? ಹೋಗಿ ಸ್ಟೇರಿಂಗ್ ಹಿಡಿದ. ಒಳಗಿನಿಂದ ಮಾಸ್ತಮ್ಮನ ಕೂಗು ಕೇಳಿಸಿತು:

"ಹೊಳೆ ಕಡೆಗೇ ಹೋಗ್ತೀರಲ್ಲ, ನಮ್ಮ ಎಮ್ಮೆನೂ ಹೊಡ್ಕೊಂಡು ಹೋಗಿ, ಮಾರಾಯ್ರೆ!"

ಎಮ್ಮೆ ಮುಂದೆ ಹೊರಟಿತು. ಗೃಹರಥ ಅದರ ಹಿಂದೆ, ಅದಕ್ಕೆ ಮನಸ್ಸು ಬಂದ ವೇಗದಲ್ಲಿ.