ಕೂಸಿನ ಸೇರ್ಪಡೆಗೆ ಬಂದ ತಕರಾರು

೧೯೯೮ರ ಡಿಸೆಂಬರಿನಲ್ಲಿ, ಹಳೇಕೋಟೆ ಕಡೆಯ ರೈತ ದೇವರಾಜು ತಮ್ಮ ರೇಷನ್ ಕಾರ್ಡಿಗೆ ನಲವತ್ತು ದಿನದ ಗಂಡುಕೂಸು ಸುದರ್ಶನನ ಹೆಸರು ಸೇರಿಸಬೇಕೆಂದು ನಮ್ಮ ಕಚೇರಿಗೆ ಅರ್ಜಿ ಕೊಟ್ಟರು. ಕಾರ್ಡಿನಲ್ಲಿ ಈಗಾಗಲೇ ಇರುವವರೆಲ್ಲ ಖುದ್ದು ಹಾಜರಾಗಿ ಆಕ್ಷೇಪಣೆ ಇಲ್ಲವೆಂದು ಹೇಳತಕ್ಕದ್ದು ಎಂಬುದು ನಮ್ಮಲ್ಲಿನ ನಿಯಮ. ಬಾಣಂತಿಗೆ ಮಾತ್ರ ವಿನಾಯಿತಿ ಕೊಟ್ಟೆ. ಗುಮಾಸ್ತನಾದರೂ ನಾನು ಮನುಷ್ಯನೇ. ವಯಸ್ಸಿನ ವಿಚಾರ ನಿಯಮದಲ್ಲಿಲ್ಲದ ಕಾರಣ ಐದು ವರ್ಷದ ಮಗಳು ರೂಪಶ್ರೀ ಹಾಜರಾಗಬೇಕಾಯಿತು.

“ತಮ್ಮನ ಸೇರ್ಪಡೆಗೆ ತಮ್ಮ ಆಕ್ಷೇಪಣೆ ಇದೆಯೆ?” ಎಂದು ಕೇಳಿದೆ.

“ಐತೆ,” ಎಂದಳು ರೂಪಶ್ರೀ. “ಅವ್ವನ ಪಕ್ಕ ನನ್ ಜಾಗ. ಅಲ್ಲಿ ಅದು ಮನಿಕಂಡೈತೆ. ನಾನು ಅಜ್ಜಿತಾವ ಮನಿಕಬೇಕು.”

“ಸಣ್ ಮಗ ಸಾ, ಏನೋ ಅಂತದೆ. ನೀವು ಬರ್ಕಳಿ,” ಎಂದರು ದೇವರಾಜು.

ಬರೆದುಕೊಂಡೆ, ಆಕ್ಷೇಪಣೆಯನ್ನು. ಇಷ್ಟು ಸ್ಪಷ್ಟವಾದ ತಕರಾರು ನನ್ನ ಹದಿನೈದು ವರ್ಷದ ಸೇವೆಯಲ್ಲಿ ಬಂದಿರಲಿಲ್ಲ. ನಿಜವಾಗಿ ಸಂತೋಷವಾಯಿತು.

ಸ್ಥಳ ತನಿಖೆಗೆ ನಮ್ಮ ಕಚೇರಿಯ ಫುಡ್ ಇನ್ಸ್‌ಪೆಕ್ಟರ್ ಗಂಗಾಧರಯ್ಯನವರೂ ನಾನೂ ಹೋದೆವು. ಅಂಗಳದಲ್ಲಿ ಹರವಿದ್ದ ಸೊಗಡಿನ ಅವರೆಕಾಯಿಯಲ್ಲಿ ಎರಡು ಸೇರನ್ನು ಅವರು ಮೊದಲು ಮಾದರಿಗಾಗಿ ವಶಪಡಿಸಿಕೊಂಡರು. ಆಮೇಲೆ ಬಾಣಂತಿ ಕೋಣೆಯ ಹೊಸ್ತಿಲಾಚೆ ನಿಂತು ಜಾಗ ಅಳೆಯಲು ಟೇಪು ಬಿಟ್ಟರು. ಇನ್ನೊಂದು ತುದಿಯನ್ನು ತಕರಾರುದಾರಳೇ ಹಿಡಿದು ಮಂಚದ ಬಳಿ ಹೋದಳು. ತಾಯಿ ಪ್ರೇಮಕುಮಾರಿಯ ಎಡಕ್ಕೆ ಕೂಸು, ಬಲಕ್ಕೆ ಗೋಡೆ. ಅಷ್ಟರಲ್ಲಿ ಕೂಸು ನಿದ್ದೆಯಲ್ಲೇ ಅಕ್ಕನ ಬೆರಳು ಹಿಡಿದುಕೊಂಡಿತು.

“ಬುಡಿಸ್ಲಾ ರೂಪಾ?” ಎಂದಳು ತಾಯಿ.

ರೂಪಶ್ರೀ ಬಗ್ಗಿ ಕೂಸಿನ ಮುಖ ನೋಡಿದಳು. “ಬ್ಯಾಡ. ಎದ್ಬುಡ್ತದೆ.”

ತಕರಾರುದಾರಳ ತೋರುಬೆರಳು ಸದರಿ ಕೂಸಿನ ಸ್ವಾಧೀನದಲ್ಲಿ ಹದಿನೇಳು ನಿಮಿಷ ಇತ್ತೆಂದು ಮಹಜರಿನಲ್ಲಿ ದಾಖಲಿಸಿದೆವು. ಅಲ್ಲಿಯವರೆಗೆ ಟೇಪು ವಾಪಸು ಸಿಗಲಿಲ್ಲ. ಕಾಫಿ ಎರಡು ಸಲ ಬಂತು.

ಮಾರನೆಯ ದಿನ ಆದೇಶವಾಯಿತು. ಮಂಚವನ್ನು ಗೋಡೆಯಿಂದ ಎಳೆದು ಪಕ್ಕಕ್ಕೊಂದು ಬೆಂಚು ಜೋಡಿಸಿ ಬಲಭಾಗವನ್ನು ರೂಪಶ್ರೀಗೆ ಬಿಟ್ಟುಕೊಡತಕ್ಕದ್ದು. ಒಮ್ಮೆ ತಕರಾರಿಗೆ ಒಳಗಾದ ಹೆಸರು ಖಾಯಂ ಆಗಲು ಅವಕಾಶವಿಲ್ಲದ ಕಾರಣ ಸುದರ್ಶನನನ್ನು ತಾತ್ಕಾಲಿಕವಾಗಿ ಸೇರಿಸಿ, ವರ್ಷಕ್ಕೊಮ್ಮೆ ಅಕ್ಕನ ಒಪ್ಪಿಗೆ ಪಡೆದು ನವೀಕರಿಸತಕ್ಕದ್ದು.

ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ದೇವರಾಜು ಇಬ್ಬರನ್ನೂ ಕರೆತರುತ್ತಾರೆ, ಗಂಗಾಧರಯ್ಯನವರಿಗೆ ಮಾದರಿಯನ್ನೂ ತರುತ್ತಾರೆ. ಈ ಸಲ, ೨೦೦೬ರಲ್ಲಿ, ಮೂರನೇ ಕ್ಲಾಸಿನ ಸುದರ್ಶನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಅಕ್ಕನ ಅದೇ ಬೆರಳು ಹಿಡಿದು ನನ್ನ ಮೇಜಿನ ಮುಂದೆ ನಿಂತ. ಅವನ ಮುಖದಲ್ಲಿ ಪ್ರಾಮಾಣಿಕವಾದ ಆತಂಕವಿತ್ತು.

“ಮುಂದುವರಿಸಬಹುದೆ?” ಎಂದು ರೂಪಶ್ರೀಯನ್ನು ಕೇಳಿದೆ.

ಅವಳು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇನ್ನೊಂದ್ ವರ್ಷ ಇರ್ಲಿ ಬುಡಿ ಸಾ.”

ಹುಡುಗ ಉಸಿರು ಬಿಟ್ಟ. ನಾನು ಸೀಲು ಹಾಕಿದೆ.