ಕಾವಲುಗಾರ ಮಲಗಿದ್ದ

ಶಾಂಭವಿ ಅರ್ಧ ಮೊರ ಶೇಂಗಾ ಸುಲಿದಿದ್ದಳು. ಅತ್ತೆ ಪಂಪಮ್ಮ ಬಂದು ಮೊರವನ್ನೇ ಎಳೆದುಕೊಂಡರು.

"ಬಿಡವ್ವ, ನಾ ಸುಲೀತೀನಿ. ನಿನ್ನ ಬಿಪಿ ಏರೀತು."

ಬಿಪಿ ನೂರೆಂಬತ್ತು ಮುಟ್ಟಿದ ದಿನದಿಂದ ಹೀಗೇ. ಇಪ್ಪತ್ತೆರಡು ವರ್ಷ 'ಏ ಇವಳೇ' ಎನ್ನುತ್ತಿದ್ದ ಅತ್ತೆ ಅವಳನ್ನು 'ಅವ್ವ' ಎಂದು ಕರೆದದ್ದು ಈ ತಿಂಗಳಲ್ಲೇ. ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲವೆಂಬುದೊಂದೇ ಹೆದರಿಕೆ.

ಕೊಟ್ಟೂರಿನ ಡಾಕ್ಟರಮ್ಮನ ಬಳಿ ಹೋಗಲು ಪಕ್ಕದ ಮನೆಯ ಓಬಮ್ಮ ಜೊತೆಯಾದಳು. ಬಸ್ಸಿನಲ್ಲಿ ಸಲಹೆಯೂ ಶುರುವಾಯಿತು.

"ಉಪ್ಪು ಬಿಟ್ಟಿ, ಉಪ್ಪಿನಕಾಯಿ ಬಿಟ್ಟಿ. ಇನ್ನ ಗಂಡನ್ನ ಬಿಡೋದೊಂದ ಉಳಿದೈತಿ ನೋಡು."

ಹಿಂದಿನ ಸೀಟಿನ ಹೆಂಗಸರೂ ಹೌದೆಂದರು.

ಡಾಕ್ಟರಮ್ಮ ಶಾಂಭವಿಯ ಉಬ್ಬಿದ ಕೆನ್ನೆ ನೋಡಿದರು. "ದವಡ್ಯಾಗ ಏನಮ್ಮ ಅದು?"

"ಜೇಷ್ಠಮಧು ರೀ. ಅಂಗನವಾಡಿ ಹುಡುಗರ ಮುಂದ ಕೂಗಿ ಕೂಗಿ ಗಂಟ್ಲು ಹೋಗೈತಿ. ದಿನಾ ನಾಕು ಕಡ್ಡಿ ಜಗೀತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಳ್ಳ ಸಿಕ್ಕ. ಮೈಯಾಗ ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಐತಿ. ಅದು ಕಿಡ್ನಿಗೆ ನುಗ್ಗಿ ಉಪ್ಪು ಹಿಡಿದಿಡಬಾರದು ಅಂತ ಒಂದು ಕಿಣ್ವ ಕಾವಲಿರ್ತೈತಿ, ಬಂದ ಬಂದ ಕಾರ್ಟಿಸಾಲಿನ ಹಲ್ಲು ಕೀಳ್ತೈತಿ. ನಿಮ್ಮ ಜೇಷ್ಠಮಧು ಬೇರು ಆ ಕಾವಲಿನ ಕಿಣ್ವನ್ನ ಮಲಗಿಸೈತಿ, ಉಪ್ಪು ಮೈಯಾಗ ನಿಂತು ಬಿಪಿ ಏರೈತಿ." ಶಾಂಭವಿಗೆ ಅರ್ಥವಾಗಲಿಲ್ಲವೆಂದು ದನಿ ಏರಿಸಿದರು: "ಕಾವಲುಗಾರ ಮಲಗಿದ್ರ ಒಳಗಿನವ್ರ ಗತಿ ಏನು? ಬೇರು ಬಂದ್ ಮಾಡ್ರಿ, ಮೂರು ವಾರದಾಗ ಬಿಪಿ ಇಳೀತೈತಿ."

ಪರದೆಯಾಚೆ ಕೂತಿದ್ದ ಓಬಮ್ಮನ ಕಿವಿಗೆ ಬಿದ್ದದ್ದು ಮಲಗಿದ ಕಾವಲುಗಾರ ಮಾತ್ರ. ಮನೆಯ ಕಾವಲುಗಾರ ಅಂದರೆ ಗಂಡನೇ ಎಂದುಕೊಂಡು ಅವಳು ಫೋನ್ ತೆಗೆದಳು.

ಶಾಂಭವಿ ಊರು ಮುಟ್ಟುವಷ್ಟರಲ್ಲಿ ಓಣಿಗೆಲ್ಲ ಸುದ್ದಿ: ಅವಳ ಗಂಡ ಬಸವೇಶ್ ಮಧ್ಯಾಹ್ನ ಗೊರಕೆ ಹೊಡೆಯುವುದರಿಂದಲೇ ಹೆಂಡತಿಗೆ ಬಿಪಿ. ಅವನು ತೊಯ್ದ ಕೋಳಿಯಂತೆ ಅಂಗಳದಲ್ಲಿ ಕೂತು ತನ್ನ ಅಂಗಿ ತಾನೇ ಒಗೆಯುತ್ತಿದ್ದ.

"ಇನ್ನ ಹಗಲು ಮಲಗಂಗಿಲ್ಲ, ಬಿಡು. ಆದ್ರೂ ಡಾಕ್ಟ್ರ ಮುಂದ ನನ್ನ ಹೆಸರು ತಗೀಬೇಕಿತ್ತೇನು?"

ಶಾಂಭವಿ ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಹೊಗೆಯಾಡುವ ಲೋಟ ತಂದು ಕೈಗಿಟ್ಟರು.

"ಕುಡಿಯವ್ವ. ಅತಿಮಧುರದ ಕಷಾಯ, ಮೈಗೆ ತಂಪು. ವರ್ಷಕ್ಕಾಗೋವಷ್ಟು ತರಿಸೀನಿ. ದಿನಾ ಎರಡು ಸಲ ನಾನ ಮಾಡಿ ಕೊಡ್ತೀನಿ."

ಜೇಷ್ಠಮಧುವಿನ ಇನ್ನೊಂದು ಹೆಸರೇ ಅತಿಮಧುರ. ಶಾಂಭವಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಹೇಳಿದರೆ ಬಿಪಿ ಬರೀ ಒಂದು ಬೇರಿನ ಕಡ್ಡಿಯಾಗಿಬಿಡುತ್ತದೆ, ನಾಳೆಯಿಂದ ಮತ್ತೆ 'ಏ ಇವಳೇ'.

"ಸ್ವಲ್ಪ ಆರ್ಲಿ ಬಿಡ್ರಿ ಅತ್ತಿ," ಎಂದು ಲೋಟ ಹಿಡಿದು ಬಚ್ಚಲಿನ ಕಡೆ ನಡೆದಳು.

ಹನಿಯೂ ಉಳಿಸದೆ ಮೋರಿಗೆ ಸುರಿದಳು. ಇನ್ನು ದಿನಕ್ಕೆರಡು ಸಲ ಈ ಕಳ್ಳತನ ತಪ್ಪಿದ್ದಲ್ಲ. ಮೂರು ವಾರಕ್ಕೆ ಮೈಯಲ್ಲಿ ಇಳಿಯುವ ಬಿಪಿಯನ್ನು ಮನೆಯಲ್ಲಿ ಮಾತ್ರ ಇಳಿಯಗೊಡಬಾರದೆಂದು ಅವಳು ನಿರ್ಧರಿಸಿದಳು.