ದೊಡ್ಡಪ್ಪನಿಗೆ ಒಂದೇ ತಲೆ ಸಾಕು

ನಾನು ಮಾಡುವ ಕೆಲಸದಲ್ಲಿ ನಗೆಪಾಟಲಾಗದೆ ಒಂದು ವಾರ ಕಳೆದರೆ ಯಂತ್ರವೇ ಕೆಟ್ಟಿದೆಯೇನೋ ಎಂದು ಅನುಮಾನ ಬರುತ್ತದೆ. ಮಂಡ್ಯದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಯಾವುದೋ ಒಂದು ವಸ್ತುವಿನ ಸುತ್ತ ತಿರುಗಿ ನೂರಾರು ಫೋಟೋ ತೆಗೆಯುತ್ತೇನೆ. ಲೇಸರ್ ಬಿಟ್ಟು ಉಬ್ಬುತಗ್ಗು ಅಳೆಯುವ ಇನ್ನೊಂದು ಯಂತ್ರವೂ ಇದೆ. ಎರಡನ್ನೂ ಕಂಪ್ಯೂಟರಿಗೆ ಉಣಿಸಿದರೆ ಆ ವಸ್ತು ಹಿಂದೆ ಮುಂದೆ ಎಲ್ಲ ಕಡೆಯಿಂದಲೂ ಕಾಣುವಂತೆ ಪರದೆಯ ಮೇಲೆ ಎದ್ದು ಕೂರುತ್ತದೆ. ಬೇಕೆಂದರೆ ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆದೂ ಕೊಡುತ್ತೇನೆ. ಇದನ್ನೆಲ್ಲ ವಿವರಿಸಿ ವಿವರಿಸಿ ಸಾಕಾಗಿ, ಈಗ ಯಾರು ಕೇಳಿದರೂ ಫೋಟೋ ಸ್ಟುಡಿಯೋ ಎಂದುಬಿಡುತ್ತೇನೆ.

ನನ್ನ ಕೆಲಸ ಸರಿಯಾಗಿ ಅರ್ಥವಾಗಿದ್ದು ಮದ್ದೂರಿನ ನನ್ನ ದೊಡ್ಡವ್ವನಿಗೆ ಮಾತ್ರ. ಅರ್ಥವಾಗಿದ್ದೇ ತಡ, ಕೆಲಸವನ್ನೂ ಒಪ್ಪಿಸಿದಳು. ದೊಡ್ಡಪ್ಪ ತೀರಿಕೊಂಡು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ.

“ಗೋಡೆ ಮ್ಯಾಲಿನ ಫೋಟೋ ನನ್ ಕಡೀಕೇ ನೋಡಕಿಲ್ಲ ಕಣ್ಲಾ. ಎದುರ್ಗೆ ಕೂರಿಸ್ಕಂಡು ನಾಕು ಮಾತಾಡಂಗೆ ನಿಮ್ದೊಡ್ಡಪ್ಪನ್ನ ಮಾಡ್ಕೊಡು. ವರ್ಸದ ತಿಥಿ ಒಳಗೆ ಆಗ್ಬೇಕು.”

ಆಯಿತು ಎಂದೆ. ಬದುಕಿರುವವರ ಸುತ್ತ ತಿರುಗಿ ಫೋಟೋ ತೆಗೆಯಬಹುದು, ತೀರಿಕೊಂಡವರ ಸುತ್ತ ತಿರುಗುವುದು ಹೇಗೆ ಎಂಬುದು ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಅಷ್ಟರಲ್ಲಿ ಅವಳು ಇನ್ನೊಂದು ಕರಾರನ್ನೂ ಹಾಕಿದ್ದಳು. ನನ್ನ ಕೈ ಹೇಗಿದೆ ಎಂದು ತಿಳಿಯಬೇಕಂತೆ, ಬೇರೆಯವರಿಗೆ ಮಾಡಿಕೊಟ್ಟದ್ದನ್ನೆಲ್ಲ ತಂದು ತೋರಿಸಬೇಕಂತೆ.

ವೀರನಿಗೆ ಎಣ್ಣೆಸ್ನಾನ

ಕೆರಗೋಡಿನ ಕಡೆ ಒಂದು ಹಳ್ಳಿಯಲ್ಲಿ ಗದ್ದೆಯ ಬದುವಿನ ಮೇಲೆ ಹಳೆಯ ವೀರಗಲ್ಲೊಂದಿತ್ತು. ಕೆತ್ತನೆ ಸವೆಯುತ್ತಿದೆ, ಪೂರ್ತಿ ಹಾಳಾಗುವ ಮೊದಲು ಅದರ ರೂಪ ಹಿಡಿದಿಡಬೇಕು ಎಂದು ಊರಿನವರೇ ಕರೆಸಿದ್ದರು. ಹೋಗಿ ನೋಡಿದೆ. ಚೆನ್ನಾಗಿ ಒಣಗಿದ, ದೂಳು ಹಿಡಿದ ಕಲ್ಲು. ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ನಾಳೆ ಬರುತ್ತೇನೆ ಎಂದು ಊರ ಯಜಮಾನರಿಗೆ ಹೇಳಿ ಬಂದೆ.

ಮಾರನೇ ದಿನ ಹೋದರೆ ಕಲ್ಲು ಫಳಫಳ ಹೊಳೆಯುತ್ತಿದೆ! ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಅಡಿಯಿಂದ ಮುಡಿಯವರೆಗೆ ಹರಳೆಣ್ಣೆ ಹಚ್ಚಿದ್ದರು.

“ಯಾಕೆ ಹೀಗೆ ಮಾಡಿದ್ರಿ ಯಜಮಾನ್ರೇ?”

“ಫೋಟೋ ತೆಗ್ಯಕೆ ಬತ್ತಾರೆ ಅಂದ್ಮೇಲೆ ದೂಳ್ನಲ್ಲೇ ನಿಲ್ಸಕಾಯ್ತದಾ ಸಾ?”

ಹೊಳಪಿದ್ದರೆ ನನಗೆ ಆಗದು. ನಾನು ಹೆಜ್ಜೆ ಸರಿದಂತೆ ಹೊಳಪೂ ಸರಿಯುತ್ತದೆ, ಕಲ್ಲೇ ಆಕಾರ ಬದಲಿಸುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಇದನ್ನು ಹೇಳಿದ ಕೂಡಲೇ ಯಜಮಾನರು ಸೀಗೆಪುಡಿ ತರಿಸಿದರು. ಹೆಂಗಸರು ಸೇರಿ ವೀರನಿಗೆ ತಲೆಯೆರೆದು, ಒಣಬಟ್ಟೆಯಲ್ಲಿ ಒರೆಸಿದರು. ಅವನು ಆರುವ ತನಕ ನನಗೆ ಎಳನೀರು ಕೊಟ್ಟು ಕೂರಿಸಿದರು.

ಕೊನೆಗೂ ಕಲ್ಲಿನ ಸುತ್ತ ಸುತ್ತುತ್ತಾ ಫೋಟೋ ತೆಗೆಯಲು ಶುರುಮಾಡಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ನನ್ನ ಹಿಂದೆ ಒಬ್ಬಳು ಅಜ್ಜಿ ಕೈಮುಗಿದುಕೊಂಡು ಬರುತ್ತಿದ್ದಳು. ಅವಳ ಹಿಂದೆ ಅವಳ ಸೊಸೆ. ಸೊಸೆಯ ಹಿಂದೆ ಆಗಷ್ಟೇ ನೀರೆರೆದ ಹೆಂಗಸರೆಲ್ಲ.

“ಅಜ್ಜಿ, ನಾನು ಪ್ರದಕ್ಷಿಣೆ ಹಾಕ್ತಿಲ್ಲ, ಫೋಟೋ ತೆಗೀತಿದೀನಿ” ಎಂದೆ.

“ನೀ ತೆಕ್ಕಳಪ್ಪ, ನಿನ್ ಪಾಡ್ಗೆ. ನಮ್ದು ನಾವು ಸುತ್ಕತೀವಿ.”

ಪರದೆಯ ಮೇಲೆ ವೀರನೇನೋ ಕತ್ತಿ ಹಿರಿದು ಚೆನ್ನಾಗಿಯೇ ಮೂಡಿದ. ಆದರೆ ಅವನ ಆಚೆ ಈಚೆ ಗಾಳಿಯಲ್ಲಿ ಬಣ್ಣಬಣ್ಣದ ಸೀರೆಯ ಚೂರುಗಳು ತೇಲುತ್ತಿದ್ದವು. ದೊಡ್ಡವ್ವ ಕನ್ನಡಕ ಏರಿಸಿ ನೋಡಿದಳು.

“ಪಾಪ, ಯುದ್ಧಕ್ಕೆ ಒಂಟೋನ ಸುತ್ತ ಬಟ್ಟೆ ಒಣಾಕವ್ರಲ್ಲಾ!”

ಕೆಂಪು ಆರತಿ

ಚಿಕ್ಕರಸಿನಕೆರೆಯಿಂದ ಆಚೆ ಒಂದು ಸಣ್ಣ ಊರಿನ ಈಶ್ವರನ ಗುಡಿ. ಬೆಳ್ಳಿಯ ಮುಖವಾಡ ಸವೆದಿತ್ತು, ಅದೇ ಅಳತೆಯಲ್ಲಿ ಹೊಸದು ಮಾಡಿಸಬೇಕಿತ್ತು. ಬೆಳ್ಳಿ ಎಂದರೆ ಎಣ್ಣೆ ಹಚ್ಚಿದ ಕಲ್ಲಿಗಿಂತ ಕಷ್ಟ. ಇಂಥ ಕಡೆ ನಾವು ಒಂದು ಬಗೆಯ ಬಿಳಿ ಪುಡಿಯನ್ನು ಸ್ಪ್ರೇ ಮಾಡಿ ಹೊಳಪು ಮುಚ್ಚುತ್ತೇವೆ. ನಾನು ಡಬ್ಬಿ ತೆಗೆದು ಅಲ್ಲಾಡಿಸಿದ್ದೇ ತಡ, ಪೂಜಾರಪ್ಪ ನನಗೂ ದೇವರಿಗೂ ನಡುವೆ ಬಂದು ನಿಂತರು.

“ದೇವ್ರಿಗೆ ಸೊಳ್ಳೆ ಔಸ್ದಿ ಒಡೀತೀಯೇನಪ್ಪಾ?”

ಸೊಳ್ಳೆಯದಲ್ಲ, ಹೊಳಪು ಹೋದರೆ ಸಾಕು, ನಯವಾದ ಬಿಳಿ ಪುಡಿ ಯಾವುದಾದರೂ ನಡೆಯುತ್ತದೆ ಎಂದೆ. ಪೂಜಾರಪ್ಪನ ಮುಖ ಅರಳಿತು. “ಅದ್ಕೇನು, ಈಸ್ವರನ್ ಮನೇಲಿ ಬಿಳಿ ಪುಡಿಗೆ ಬರವಾ?” ಎಂದು ವಿಭೂತಿ ಪುಡಿಮಾಡಿ, ಕಣ್ಣು, ಮೂಗು, ಮೀಸೆ ಒಂದನ್ನೂ ಬಿಡದೆ ತೆಳ್ಳಗೆ ಸವರಿದರು. ನಮ್ಮ ಡಬ್ಬಿಗಿಂತ ಅದೇ ಚೆನ್ನಾಗಿ ಕೂತಿತು.

ನಾನು ಲೇಸರ್ ಆಡಿಸುತ್ತಾ ಕೂತೆ. ಬಾಗಿಲು ಹಾಕಲು ಇಬ್ಬರಿಗೂ ನೆನಪಾಗಲಿಲ್ಲ. ದೇವರಿಗೆ ಹೊಸ ಅಲಂಕಾರವಾಗಿದೆ ಎಂದು ಊರಲ್ಲಿ ಸುದ್ದಿ ಹಬ್ಬಿ ಜನ ಬರತೊಡಗಿದರು. ಮುಖವಾಡದ ಮೇಲೆ ಕೆಂಪು ಗೆರೆ ಹರಿದಾಡುವುದನ್ನು ಕಂಡು ಒಬ್ಬ ಹೆಂಗಸು, “ಇದ್ಯಾವ ಆರತಿ ಪೂಜಾರಪ್ಪ?” ಎಂದಳು. ಪೂಜಾರಪ್ಪ ಒಂದಿಷ್ಟೂ ತಡವರಿಸದೆ, “ಕರೆಂಟಿನ ಆರತಿ ಕಣಮ್ಮ, ಕಣ್ಣು ಮುಚ್ಚಿ ಕೈ ಮುಗೀರಿ” ಎಂದುಬಿಟ್ಟರು. ಕೈ ಮುಗಿದು ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಒಬ್ಬೊಬ್ಬರೇ ಬಂದು ನನ್ನ ಯಂತ್ರದ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡರು. ಅಷ್ಟು ಸಲವೂ ಅಳತೆಯನ್ನು ಮೊದಲಿಂದ ತೆಗೆದೆ.

ಹೊಸ ಮುಖವಾಡ ಬಂದು ಎಷ್ಟೋ ದಿನವಾಯಿತು. ಈಗಲೂ ಪೂಜಾರಪ್ಪನ ಫೋನು ಬರುತ್ತದೆ.

“ಸ್ವಾಮಾರ ಬಂತು ಅಂದ್ರೆ ಜನ ಕೇಳ್ತಾವ್ರೆ, ಆ ಕೆಂಪು ಆರ್ತಿ ಒಸಿ ತಂದು ಎತ್ಬುಟ್ಟು ಓಗಪ್ಪ.”

ಮಳವಳ್ಳಿಯ ಟಗರು

ಮಳವಳ್ಳಿ ಕಡೆಯ ಬಂಡೂರು ಕುರಿಯನ್ನು ನೋಡದವರಿಗೆ ಹೇಳುವುದು ಕಷ್ಟ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಅಂಥದ್ದೊಂದು ಟಗರನ್ನು ಒಬ್ಬ ರೈತ ಮಗನಿಗಿಂತ ಹೆಚ್ಚಾಗಿ ಸಾಕಿದ್ದ. ಪ್ರದರ್ಶನಕ್ಕೆ ಕರೆದೊಯ್ಯುವ ಮೊದಲು ಅದರ ಮೈಕಟ್ಟನ್ನು ಅಳತೆ ಸಮೇತ ಹಿಡಿದಿಡಬೇಕು ಎಂದು ನನ್ನನ್ನು ಕರೆದ.

“ಅದು ಅಲ್ಲಾಡಬಾರದು” ಎಂದೆ.

“ನನ್ ಟಗರಾ? ನೆಟ್ಟಗಲ್ಲು ನಿಂತಂಗೆ ನಿಂತ್ಕತದೆ ನೋಡಿ ಸಾ.”

ನಿಜವಾಗಿಯೂ ನಿಂತಿತು. ಕಾಲು ಕದಲಿಸಲಿಲ್ಲ, ಬಾಲ ಆಡಿಸಲಿಲ್ಲ. ನನ್ನ ಕಣ್ಣೆಲ್ಲ ಕ್ಯಾಮೆರಾದೊಳಗೆ. ರೈತ ಹಲಸಿನ ಸೊಪ್ಪು ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ಬರುತ್ತಿದ್ದುದನ್ನು ಗಮನಿಸಲೇ ಇಲ್ಲ. ಫೋಟೋ ತೆಗೆಯುವಾಗ ಮುಖ ಕ್ಯಾಮೆರಾದ ಕಡೆಗೆ ಇರಬೇಕಲ್ಲ! ನಾನು ಎಡಕ್ಕೆ ಹೋದರೆ ಅವನೂ ಎಡಕ್ಕೆ ಬಂದು ಸೊಪ್ಪು ತೋರಿಸುತ್ತಿದ್ದ. ಬಲಕ್ಕೆ ಹೋದರೆ ಬಲಕ್ಕೆ. ಟಗರು ಮೈಯನ್ನು ಕಲ್ಲಿನಂತೆ ಇಟ್ಟುಕೊಂಡು, ಕತ್ತನ್ನು ಮಾತ್ರ ತಿರುಗಿಸಿ ಪ್ರತಿ ಫೋಟೋದಲ್ಲೂ ನನ್ನನ್ನೇ ನೋಡಿತ್ತು.

ಪರದೆಯ ಮೇಲೆ ಒಂದು ಮೈ, ನಾಲ್ಕು ಕಾಲು, ಎರಡು ತಲೆ. ಎರಡೂ ತಲೆಗಳ ಬಾಯಲ್ಲಿ ನೀರು.

ಇನ್ನೊಮ್ಮೆ ಬಂದು ತೆಗೆಯುತ್ತೇನೆ ಎಂದು ಫೋನಿನಲ್ಲಿ ಬೇಡಿಕೊಂಡೆ. ರೈತ, “ಇರ್ಲಿ ಬುಡಿ ಸಾ, ಎಲ್ಡು ತಲೆ ಅಂದ್ರೆ ಯಾವನ್ ಟಗರು ಸಮಕ್ಕೆ ನಿಂತದು?” ಎಂದ.

ದೊಡ್ಡವ್ವ ಮಾತ್ರ ಗಾಬರಿಬಿದ್ದಳು. ನನ್ನ ಕೈ ಹಿಡಿದುಕೊಂಡು ಹೇಳಿದಳು:

“ನಿಮ್ದೊಡ್ಡಪ್ಪಂಗೆ ಒಂದೇ ತಲೆ ಸಾಕು ಕಣ್ಲಾ. ಆ ಒಂದ್ನೇ ತಡ್ಕಳಕಾಯ್ತಿರ್ನಿಲ್ಲ.”

ದೊಡ್ಡಪ್ಪ

ತಿಥಿ ಹತ್ತಿರ ಬಂತು. ದೊಡ್ಡವ್ವ ಮನೆಯೆಲ್ಲ ಜಾಲಾಡಿ ದೊಡ್ಡಪ್ಪನ ಫೋಟೋಗಳನ್ನು ಕೊಟ್ಟಳು. ಒಂದು ಮದುವೆಯದು, ಒಂದು ವೋಟರ್ ಕಾರ್ಡಿನದು, ಇನ್ನೊಂದು ಯಾರದೋ ನಾಮಕರಣದ್ದು. ಎಲ್ಲದರಲ್ಲೂ ಅವರು ನೇರ ಮುಂದಕ್ಕೆ ನೋಡುತ್ತಿದ್ದಾರೆ, ಗದ್ದೆಗೆ ಬರುವ ನಾಲೆ ನೀರನ್ನು ಕ್ಯಾಮೆರಾದವನೇ ಕಟ್ಟಿಹಾಕಿದ್ದಾನೆ ಎನ್ನುವ ಹಾಗೆ. ಕಿವಿಯ ಪಕ್ಕ, ದವಡೆ, ಹಿಂದಲೆ ಯಾವುದೂ ಎಲ್ಲೂ ಇಲ್ಲ. ಕಂಪ್ಯೂಟರ್ ಮುಂಭಾಗವನ್ನಷ್ಟೇ ಕಟ್ಟಿ ಕೈಚೆಲ್ಲಿತು.

ನನಗೆ ಅವರ ಮಗ ನೆನಪಾದ. ಬ್ಲಫ್‌ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸ, ಪಕ್ಕದಿಂದ ನೋಡಿದರೆ ಅಪ್ಪನದೇ ಅಚ್ಚು. ಭಾನುವಾರ ಬಂದ. ಸ್ಟೂಲಿನ ಮೇಲೆ ಕೂರಿಸಿ ಲೇಸರ್ ಹಿಡಿದೆ. ದೊಡ್ಡವ್ವ ಗಂಡನ ಟವಲನ್ನು ಮಗನ ಹೆಗಲಿಗೆ ಹಾಕಿ ಎದುರಿಗೆ ನಿಂತಳು.

“ನಿಮ್ಮಪ್ಪನಂಗೆ ಮೊಕ ಗಂಟಾಕಳ್ಳಾ.”

ಅವನು ಗಂಟು ಹಾಕಿದ.

“ಇಂಗಲ್ಲ ಕಣ್ಲಾ, ಇದು ಒಟ್ಟೆನೋವು ಬಂದೋನ ಮೊಕ. ನಿಮ್ಮಪ್ಪಂದು, ಮುದ್ದೇಲಿ ಕಲ್ಲು ಸಿಕ್ದಾಗ ಎಂಗಿರ್ತಿತ್ತು?”

ಅವನಿಗೆ ಬರಲಿಲ್ಲ. ದೊಡ್ಡವ್ವ ತಾನೇ ತೋರಿಸಿದಳು: ಹುಬ್ಬು ಕೆಳಗಿಳಿಸಿ, ಮೂಗಿನ ಹೊಳ್ಳೆ ಅರಳಿಸಿ, ತುಟಿಯನ್ನು ಒಳಕ್ಕೆ ಎಳೆದುಕೊಂಡಳು. ಸಾಕ್ಷಾತ್ ದೊಡ್ಡಪ್ಪ! ಮಗ ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ನನ್ನ ಕೈಯಲ್ಲಿ ಯಂತ್ರ ಕುಣಿಯಿತು, ಕೊನೆಗೆ ಅವಳೂ ನಕ್ಕಳು. ಎಷ್ಟು ಸಲ ಶುರುಮಾಡಿದರೂ ಅದೇ ಕತೆ. ನಗು ತಡೆದುಕೊಂಡ ಕೆನ್ನೆಯನ್ನೇ ಅಳೆದುಕೊಂಡು ಮಂಡ್ಯಕ್ಕೆ ಬಂದೆ.

ಅಪ್ಪನ ಮುಂಭಾಗಕ್ಕೆ ಮಗನ ಪಕ್ಕ, ಹಿಂದಲೆ ಎಲ್ಲ ಜೋಡಿಸಿದೆ. ಅಪ್ಪನ ತುಟಿ ಬಿಗಿದಿದೆ, ಮಗನ ಕೆನ್ನೆ ಮೇಲಕ್ಕೆದ್ದಿದೆ. ಇಬ್ಬರ ಮಾತನ್ನೂ ಉಳಿಸಲು ಹೋದ ಕಂಪ್ಯೂಟರ್ ತುಟಿಯ ಕೊನೆಗಳನ್ನು ತುಸು ಮೇಲಕ್ಕೆ ಎಳೆಯಿತು. ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ದಿನ ಉಳಿದಿರಲಿಲ್ಲ. ಹಾಗೆಯೇ ಅಚ್ಚು ತೆಗೆದು, ಮೀಸೆಗೆ ಕಪ್ಪು ಬಳಿದು ಒಯ್ದೆ.

ತಿಥಿಯ ಎಡೆಯ ಮುಂದೆ ಮೂರ್ತಿಯನ್ನಿಟ್ಟೆವು. ನೆಂಟರೆಲ್ಲ ಥೇಟ್ ಅವರೇ ಎಂದರು. ದೊಡ್ಡವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತಳು. ನೋಡಿದಳು, ನೋಡುತ್ತಲೇ ಇದ್ದಳು. ವರ್ಷವಿಡೀ ಇದೊಂದಕ್ಕೇ ಕಾದವಳು ಅವಳು.

“ಇದು ನಿಮ್ದೊಡ್ಡಪ್ಪ ಅಲ್ಲ ಕಣ್ಲಾ” ಎಂದಳು.

ಬೆರಳಿನಿಂದ ಮೂರ್ತಿಯ ತುಟಿ ತೋರಿಸಿದಳು.

“ನಗ್ತಾವ್ರೆ ನೋಡು. ನಾನು ಮದ್ವೆಯಾಗಿ ಬಂದಾಗ್ಲಿಂದ ನನ್ ಮೊಕ ನೋಡಿ ಒಂದ್ಸಲನೂ ನಕ್ಕೋರಲ್ಲ ಅವ್ರು.”

ನನಗೆ ಅಳುವೇ ಬರುವಂತಾಯಿತು. “ಒಂದು ವಾರ ಕೊಡು ದೊಡ್ಡವ್ವ, ತುಟಿ ಸರಿಮಾಡಿ ತಂದ್ಕೊಡ್ತೀನಿ” ಎಂದು ಮೂರ್ತಿಗೆ ಕೈ ಹಾಕಿದೆ.

ಫಟ್ಟನೆ ನನ್ನ ಕೈ ಮೇಲೆ ಏಟು ಬಿತ್ತು. ದೊಡ್ಡವ್ವ ಮೂರ್ತಿಯನ್ನು ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಅದರ ಕೆನ್ನೆ ಒರೆಸಿದಳು.

“ಮುಟ್ಟೀಯ, ಜೋಕೆ! ಅವ್ರ ಜೊತೆ ಒಂದಾಯುಸ್ಸು ಬಾಳಾಯ್ತು. ಇನ್ಮ್ಯಾಕೆ ಇವ್ರ ಜೊತೇಲಿರ್ತೀನಿ, ಓಗ್ಲಾ.”